ಬಾರಕೂರು ಗದ್ಯಾಣದ ಲೆಕ್ಕವೂ ನಾಲ್ಕರ ಸ್ಥಾನಕ್ರಮವೂ

ತುಳುನಾಡಿನ ಶಾಸನಗಳನ್ನು ವ್ಯಾಸಂಗ ಮಾಡಿದವರಿಗೆ ಬಾರಕೂರಿನ ಹೆಸರನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅವಶ್ಯಕವಿಲ್ಲ. ಈಗ ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿಗೆ ಸೇರಿ, ಸೀತಾನದಿಯ ಬಳಿಯಲ್ಲಿ ತೆಂಗು ಗದ್ದೆಗಳ ನಡುವೆ ಹರಡಿಕೊಂಡಿರುವ ಈ ಊರು ಒಂದು ಕಾಲಕ್ಕೆ ಆಳುಪರ ರಾಜಧಾನಿಯಾಗಿದ್ದಿತು. ಅನಂತರ ವಿಜಯನಗರದ ಅರಸರ ಆಳಿಕೆಯಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಮುಖ್ಯಸ್ಥಳವಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯನ್ನು ಹಾದುಹೋದ ಇಬನ್ ಬತೂತನು ಫಾಕನೂರು ಎಂದು ಹೆಸರಿಸಿದ ರೇವು ಇದೇ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಮೊದಲಾದ ಕೇರಿಗಳಲ್ಲಿಯೂ ಅಲ್ಲಿಯ ದೇವಾಲಯಗಳಲ್ಲಿಯೂ ದೊರೆತ ಶಿಲಾಲೇಖಗಳ ಪಾಠಗಳು ದಕ್ಷಿಣ ಭಾರತ ಶಾಸನ ಸಂಪುಟಗಳ ಪೈಕಿ ಏಳನೆಯದರಲ್ಲಿ ಅಚ್ಚಾಗಿ, ವಿದ್ವಾಂಸರ ಕೈಗೆ ಸುಲಭವಾಗಿ ಸಿಕ್ಕುತ್ತವೆ.

ಈ ಪಾಠಗಳನ್ನು ಓದುವವರು ಬಹುಮಟ್ಟಿಗೆ ಅರಸನ ಬಿರುದು, ಅಧಿಕಾರಿಯ ಹೆಸರು, ಶಕವರ್ಷ, ಸಂವತ್ಸರ ಇಷ್ಟರಲ್ಲಿ ಮನಸ್ಸನ್ನು ನಿಲ್ಲಿಸುವರು. ಆಮೇಲೆ ಬರುವ ಸಾಲುಗಳಲ್ಲಿ, ಇಂತಹ ಬಾಳಿಗೆ ಇಷ್ಟು ಗದ್ಯಾಣ, ಇಂತಹ ಗದ್ದೆಯಿಂದ ಇಷ್ಟು ಮುಡಿ ಅಕ್ಕಿ, ಇದರಲ್ಲಿ ದೇವರ ಅಮೃತಪಡಿಗೆ ಇಷ್ಟು ಹಣ ಎಂದು ಲೆಕ್ಕ ತೊಡಗಿತೆಂದರೆ ಕಣ್ಣು ಜಾರಿ ಕಡೆಯ ಶಾಪಾಶಯಕ್ಕೆ ಹೋಗಿಬಿಡುವುದು. ದಾನವನ್ನು ಕೊಟ್ಟವನಿಗೂ ಪಡೆದವನಿಗೂ ಮುಖ್ಯವಾಗಿದ್ದುದು ಈ ಲೆಕ್ಕವೇ ಹೊರತು ಬಿರುದಾವಳಿಯಲ್ಲ. ಅದು ಬರಿಯ ವ್ಯವಹಾರದ ಒಣ ವಿಷಯವೂ ಅಲ್ಲ. ನಾವು ಇಂದು ಎಲ್ಲ ಸಂಖ್ಯೆಗಳಿಗೂ ಉಪಯೋಗಿಸುವ ದಶಗುಣೋತ್ತರ ಕ್ರಮಕ್ಕಿಂತ ಬೇರೆಯಾದ ಒಂದು ಸಂಖ್ಯಾಕ್ರಮ ಆ ಲೆಕ್ಕದಲ್ಲಿ ಅಡಗಿದೆ. ಆ ಕ್ರಮಕ್ಕೆ ತನ್ನವೇ ಆದ ಗುಣಗಳೂ ದೋಷಗಳೂ ಉಂಟು; ಅವನ್ನು ತಿಳಿದುಕೊಂಡರೆ ಸವೆದ ಕಲ್ಲಿನ ಮೇಲಿನ ಅಂಕಿಗಳನ್ನು ಓದುವ ಕೆಲಸಕ್ಕೂ ಕೊಂಚ ಸಹಾಯವಾಗುವುದು.

ಮೊದಲು ನಾಣ್ಯಗಳ ಮಾನವನ್ನು ನೋಡತಕ್ಕದ್ದು. ತುಳುನಾಡಿನ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ, ಕಾಟಿ ಗದ್ಯಾಣ ಎಂಬ ಹೆಸರುಗಳು ಕಾಣಬರುತ್ತವೆ. ಗದ್ಯಾಣವು ಚಿನ್ನದ ನಾಣ್ಯ. ಸಾಮಾನ್ಯವಾದ ಗಣನೆಯಲ್ಲಿ ಗದ್ಯಾಣಕ್ಕೆ ಹತ್ತು ಹಣ. ಹಣದ ನಾಲ್ಕನೆಯ ಒಂದು ಪಾಲು ಹಾಗ. ಹಳಗನ್ನಡದ ಪಾಗವೇ ಇದು, ಪಣವು ಹಣವಾದಂತೆ ಪಾಗವು ಹಾಗವಾಯಿತು. ಹಾಗದ ನಾಲ್ಕನೆಯ ಪಾಲು, ಎಂದರೆ ಹಣದ ಹದಿನಾರನೆಯ ಪಾಲು, ವೀಸ. ವೀಸದ ನಾಲ್ಕನೆಯ ಪಾಲು, ಎಂದರೆ ಹಣದ ಅರುವತ್ತನಾಲ್ಕನೆಯ ಪಾಲು, ಕಾಣಿ. ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ವೀಸ ಶಬ್ದಕ್ಕೆ ಹದಿನಾರರಲ್ಲೊಂದಂಶ ಎಂಬ ಅರ್ಥವನ್ನು ಕಾಣಬಹುದು. ಈ ಶಬ್ದಗಳು ನಾಣ್ಯಕ್ಕೆ ಮಾತ್ರ ಮೀಸಲಾದವೂ ಅಲ್ಲ. ಭೂಮಿ, ಧಾನ್ಯ, ಪಾಲುಗಾರಿಕೆ, ಯಾವುದರ ಅಂಶವನ್ನು ಹೇಳಬೇಕಾದರೂ ಇವೇ ಒದಗುತ್ತಿದ್ದುವು. ಇಂದಿಗೂ ‘ವೀಸದಷ್ಟೂ ಇಲ್ಲ’ ಎಂದು ಆಡುವವರು ಹದಿನಾರರ ಲೆಕ್ಕವನ್ನೇ, ತಿಳಿಯದೆಯೇ, ಆಡುತ್ತಿರುವರು.

ನಾಲ್ಕೇ ಏಕೆ ಎಂಬ ಪ್ರಶ್ನೆಗೆ ಭಾಷೆಯೇ ಉತ್ತರ ಕೊಡುತ್ತದೆ. ಕನ್ನಡದಲ್ಲಿ ಕಾಲು ಎಂದರೆ ಅವಯವವೂ ಹೌದು, ಚತುರ್ಥಾಂಶವೂ ಹೌದು; ಸಂಸ್ಕೃತದ ಪಾದ ಶಬ್ದಕ್ಕೂ ಹೀಗೆಯೇ ಎರಡರ್ಥ. ನಾಲ್ಕು ಕಾಲಿನ ಪಶುವಿನಿಂದ ಹುಟ್ಟಿದ ಈ ಅರ್ಥವು ಪದ್ಯಕ್ಕೂ ಹಬ್ಬಿ, ನಾಲ್ಕು ಪಾದಗಳಿಲ್ಲದ ವೃತ್ತವೇ ಇಲ್ಲವೆಂಬಂತಾಯಿತು. ಭಾಸ್ಕರಾಚಾರ್ಯರ ಲೀಲಾವತಿಯ ಪರಿಭಾಷೆಯಲ್ಲಿಯೂ ಇಪ್ಪತ್ತು ವರಾಟಕಕ್ಕೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ ಎಂದಿದೆ. ಅಲ್ಲಿ ಕಾಕಿಣಿ ಇಲ್ಲಿಯ ಹಾಗದ ಸ್ಥಾನದಲ್ಲಿದೆ. ಆದರೆ ಕಾಕಿಣಿಯಿಂದ ಕೆಳಗೆ ಭಾಸ್ಕರರ ಕೋಷ್ಟಕವು ಕೂಡಲೆ ಇಪ್ಪತ್ತಕ್ಕೆ ಹಾರುತ್ತದೆ. ಕನ್ನಡದ ಕೋಷ್ಟಕವಾದರೋ ನಾಲ್ಕು, ನಾಲ್ಕು, ನಾಲ್ಕು ಎಂದು ಒಂದೇ ಹೆಜ್ಜೆಯಲ್ಲಿ ಇಳಿಯುತ್ತದೆ. ಈ ಸಮಾನತೆಯೇ ಅದನ್ನು ಬರಿಯ ನಾಣ್ಯಪಟ್ಟಿಯಾಗಿ ಬಿಡದೆ ಒಂದು ಸಂಖ್ಯಾಕ್ರಮವನ್ನಾಗಿ ಮಾಡಿದ್ದು.

ಬರೆಯುವ ರೀತಿಯಿಂದ ಇದು ಇನ್ನೂ ಸ್ಪಷ್ಟವಾಗುವುದು. ಕಲ್ಲಿನ ಮೇಲೆ ಮೊಬಲಗನ್ನು ಮಾತಿನಲ್ಲಿಯೋ, ಗದ್ಯಾಣಕ್ಕೆ ‘ಗ’ ಎಂಬ ಸಂಕ್ಷೇಪವನ್ನಿಟ್ಟು ಅಂಕಿಯಲ್ಲಿಯೋ ಕೆತ್ತುತ್ತಿದ್ದರು. ಮಾತಿನಲ್ಲಿ ಹೇಳುವಾಗ ಹಾಗ, ವೀಸ, ಕಾಣಿ ಎಂಬ ಹೆಸರುಗಳೇ ಸ್ಥಾನಗಳ ಕೆಲಸವನ್ನು ಮಾಡುತ್ತವೆ. ಒಂದು ಸ್ಥಾನ ಬರಿದಾಗಿದ್ದರೆ ಆ ಹೆಸರನ್ನು ಬಿಟ್ಟರಾಯಿತು, ಸೊನ್ನೆಯ ಹಂಗಿಲ್ಲ. ಶಾನಭೋಗರ ಲೆಕ್ಕದ ಬರಹದಲ್ಲಿ ಹಾಗಲ್ಲ. ಅಲ್ಲಿ ಕಾಲು, ಅರೆ, ಮುಕ್ಕಾಲುಗಳಿಗೆ ಕ್ರಮವಾಗಿ ಒಂದು, ಎರಡು, ಮೂರು ನಿಂತ ಗೆರೆಗಳು. ಒಂದು, ಎರಡು, ಮೂರು ವೀಸಗಳಿಗೆ ಅಷ್ಟಷ್ಟೇ ಮಲಗಿದ ಗೆರೆಗಳು. ನಾಲ್ಕು ಗೆರೆಗಳು ಎಲ್ಲಿಯೂ ಬರುವಂತಿಲ್ಲ, ನಾಲ್ಕಾದರೆ ಮೇಲಿನ ಸ್ಥಾನಕ್ಕೆ ಒಂದು ಏರಿತು. ನೆರೆಯ ತೆಲುಗಿನ ಲೆಕ್ಕದಲ್ಲಿ ಈ ಪದ್ಧತಿಯನ್ನು ಇನ್ನೂ ಕೆಳಕ್ಕೆ ಮುಂದುವರಿಸಿದ್ದಾರೆ: ನಾಲ್ಕರ ಮೊದಲ ಇಳಿತಕ್ಕೆ ನಿಂತ ಗೆರೆ, ಎರಡನೆಯದಕ್ಕೆ ಮಲಗಿದ ಗೆರೆ, ಮೂರನೆಯದಕ್ಕೆ ಮತ್ತೆ ನಿಂತ ಗೆರೆ, ಹೀಗೆ ಒಂದನ್ನು ಬಿಟ್ಟೊಂದು. ನಿಂತ ಗೆರೆಯ ಸ್ಥಾನ ಬರಿದಾದಾಗ ಹಾಕುವ ‘ಹಳ್ಳಿ’ ಎಂಬ ಗುರುತೂ ಅಲ್ಲಿ ಉಂಟು. ಇದು ಸೊನ್ನೆಯೇ, ಆದರೆ ನಾಲ್ಕರ ಕ್ರಮದ ಸೊನ್ನೆ. ಅಂಕಿ, ಸ್ಥಾನ, ಸೊನ್ನೆ ಈ ಮೂರೂ ಇರುವೆಡೆಯಲ್ಲಿ ಸ್ಥಾನಪದ್ಧತಿ ಪೂರ್ಣವಾಗಿದೆಯೆಂದು ಹೇಳಲೇಬೇಕು. ಹೀಗಾಗಿ ಪೂರ್ಣಾಂಕಗಳನ್ನು ಹತ್ತರ ಕ್ರಮದಲ್ಲಿಯೂ ಅಂಶಗಳನ್ನು ನಾಲ್ಕರ ಕ್ರಮದಲ್ಲಿಯೂ ಬರೆದು, ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ ಮಿಶ್ರಪದ್ಧತಿ ಇದಾಯಿತು.

ಒಂದು ಪೂರ್ಣಾಂಕವನ್ನು ಈ ಕ್ರಮಕ್ಕೆ ತರುವ ಬಗೆಯನ್ನು ಉದಾಹರಣೆಯಿಂದ ತೋರಿಸುವುದು ಮೇಲು. ೧೦೦೦ ಕಾಣಿಗಳಿವೆ ಎನ್ನೋಣ. ನಾಲ್ಕರಿಂದ ಭಾಗಿಸಿದರೆ ೨೫೦ ವೀಸ, ಶೇಷ ಕಾಣಿ ೦. ೨೫೦ನ್ನು ನಾಲ್ಕರಿಂದ ಭಾಗಿಸಿದರೆ ೬೨ ಹಾಗ, ಶೇಷ ವೀಸ ೨. ೬೨ನ್ನು ನಾಲ್ಕರಿಂದ ಭಾಗಿಸಿದರೆ ೧೫ ಹಣ, ಶೇಷ ಹಾಗ ೨. ೧೫ನ್ನು ಹತ್ತರಿಂದ ಭಾಗಿಸಿದರೆ ೧ ಗದ್ಯಾಣ, ಶೇಷ ಹಣ ೫. ಆದುದರಿಂದ ಸಾವಿರ ಕಾಣಿ ಎಂದರೆ ಒಂದು ಗದ್ಯಾಣ, ಐದು ಹಣ, ಎರಡು ಹಾಗ, ಎರಡು ವೀಸ. ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ದಾರಿ ಅಪರಿಚಿತವಲ್ಲ. ನಾಗವರ್ಮನ ಛಂದೋಂಬುಧಿಯಲ್ಲಿಯೂ ಬರುವ ಷಟ್ಪ್ರತ್ಯಯಗಳಲ್ಲಿ ನಷ್ಟವೆಂಬುದು, ಪ್ರಸ್ತಾರದ ಇಷ್ಟನೆಯ ಸಾಲಿನಲ್ಲಿ ಗುರುಲಘುಗಳು ಹೇಗಿರುವುವೆಂದು ಆ ಸಂಖ್ಯೆಯನ್ನು ಎರಡರಿಂದ ಮತ್ತೆ ಮತ್ತೆ ಭಾಗಿಸಿ ಕಂಡುಹಿಡಿಯುವ ಉಪಾಯ. ಅಲ್ಲಿ ಎರಡರ ಕ್ರಮ, ಇಲ್ಲಿ ನಾಲ್ಕರ ಕ್ರಮ. ವಿಷಮಸಂಖ್ಯೆಗೆ ಒಂದನ್ನು ಕೂಡಿಸಿಕೊಳ್ಳುವ ನಿಯಮ ಇಲ್ಲಿಲ್ಲ, ಅಷ್ಟೇ ವ್ಯತ್ಯಾಸ. ಛಂದಸ್ಸನ್ನು ಪಾಠ ಹೇಳುವವರು ನಷ್ಟೋದ್ದಿಷ್ಟಗಳ ಅಧ್ಯಾಯವನ್ನು ಪರೀಕ್ಷೆಗೆ ಬಾರದೆಂದು ದಾಟಿಸಿಬಿಡುವುದುಂಟು. ದಾಟಿಸದಿದ್ದವರ ಶಿಷ್ಯರಿಗೆ ಶಾನಭೋಗರ ಕಡತವೂ ಅರ್ಥವಾದೀತು.

ಇನ್ನು ಈ ಕ್ರಮದ ಮುಖ್ಯ ಗುಣಕ್ಕೆ ಬರಬಹುದು. ಹತ್ತರ ಕ್ರಮದಲ್ಲಿ ಒಂದು ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಬರುವ ಶೇಷವೂ, ಆ ಸಂಖ್ಯೆಯನ್ನೇ ಒಂಬತ್ತರಿಂದ ಭಾಗಿಸಿದರೆ ಬರುವ ಶೇಷವೂ ಒಂದೇ ಎಂಬುದು ಪ್ರಸಿದ್ಧ. ಗುಣಾಕಾರ ಭಾಗಾಕಾರಗಳನ್ನು ಈ ನವಶೇಷದಿಂದ ಪರೀಕ್ಷಿಸುವ ವಿಧಿಯನ್ನು ಎರಡನೆಯ ಆರ್ಯಭಟನು ಮಹಾಸಿದ್ಧಾಂತದಲ್ಲಿ ಹೇಳಿರುವನು. ೧೩೫೬ರಲ್ಲಿ ಗಣಿತಕೌಮುದಿಯನ್ನು ರಚಿಸಿದ ನಾರಾಯಣ ಪಂಡಿತನು ಒಂಬತ್ತೇ ಏಕೆ, ಬೇಕಾದ ಯಾವ ಸಂಖ್ಯೆಯನ್ನು ಹಿಡಿದಾದರೂ ಪರೀಕ್ಷಿಸಬಹುದೆಂದು ಆ ವಿಧಿಯನ್ನು ವಿಸ್ತರಿಸಿದನು. ಹತ್ತಕ್ಕೆ ಒಂದು ಕಡಮೆಯಾದ ಒಂಬತ್ತು ದಶಕ್ರಮದಲ್ಲಿ ಮಾಡುವ ಕೆಲಸವನ್ನು, ನಾಲ್ಕಕ್ಕೆ ಒಂದು ಕಡಮೆಯಾದ ಮೂರು ನಾಲ್ಕರ ಕ್ರಮದಲ್ಲಿ ಮಾಡುತ್ತದೆ. ನಾಲ್ಕು ಕಾಣಿಗಳು ಹೋಗಿ ಒಂದು ವೀಸ ಬಂದಾಗ ಅಂಕಿಗಳ ಮೊತ್ತದಲ್ಲಿ ಮೂರು ಕಡಮೆಯಾಗುವುದು. ಹತ್ತು ಹಣಗಳು ಹೋಗಿ ಒಂದು ಗದ್ಯಾಣ ಬಂದಾಗ ಒಂಬತ್ತು ಕಡಮೆಯಾಗುವುದು. ಮೂರೂ ಒಂಬತ್ತೂ ಎರಡೂ ಮೂರರ ಅಪವರ್ತ್ಯಗಳೇ. ಆದಕಾರಣ ಗದ್ಯಾಣದಿಂದ ಕಾಣಿಯವರೆಗೆ, ಹತ್ತರ ಭಾಗವೆನ್ನದೆ ನಾಲ್ಕರ ಭಾಗವೆನ್ನದೆ, ಇಡಿಯ ಸಾಲಿನ ಅಂಕಿಗಳನ್ನು ಕಣ್ಣುಮುಚ್ಚಿ ಕೂಡಿಸಿ ಮೂರರಿಂದ ಭಾಗಿಸಿದರೆ ಶೇಷವು ಕೆಡುವುದಿಲ್ಲ. ಎರಡು ಬೇರೆ ಬೇರೆ ಕ್ರಮಗಳನ್ನು ಒಂದು ಸಾಲಿಗೆ ಹೊಲಿದಿರುವಲ್ಲಿ ಈ ಹೊಂದಿಕೆ ಅಯಾಚಿತವಾಗಿ ಬಂದ ಲಾಭ. ಮೇಲಿನ ಸಾವಿರ ಕಾಣಿಯಲ್ಲಿ ೧, ೫, ೨, ೨, ೦ ಕೂಡಿ ೧೦. ಮೂರರಿಂದ ಶೇಷ ೧. ಸಾವಿರವನ್ನು ಮೂರರಿಂದ ಭಾಗಿಸಿದರೂ ಶೇಷ ೧.

ಪ್ರಯೋಗವನ್ನು ತೋರಿಸುವುದಕ್ಕಾಗಿ ಮೂರು ಗದ್ದೆಗಳ ಗೇಣಿಯನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಶಾಸನದಿಂದಲೂ ತೆಗೆದುದಲ್ಲ. ಮೊದಲನೆಯದು ಗದ್ಯಾಣ ೨, ಹಣ ೭, ಹಾಗ ೩, ವೀಸ ೧, ಕಾಣಿ ೨. ಎರಡನೆಯದು ಗದ್ಯಾಣ ೧, ಹಣ ೪, ಹಾಗ ೨, ವೀಸ ೩, ಕಾಣಿ ೩. ಮೂರನೆಯದು ಹಣ ೯, ಹಾಗ ೧, ವೀಸ ೨, ಕಾಣಿ ೧. ಒಟ್ಟು ಗದ್ಯಾಣ ೫, ಹಣ ೧, ಹಾಗ ೩, ವೀಸ ೩, ಕಾಣಿ ೨. ಬಿಡಿ ಸಾಲುಗಳ ಅಂಕಿಗಳ ಮೊತ್ತ ೧೫, ೧೩, ೧೩, ಮೂರರಿಂದ ಶೇಷಗಳು ೦, ೧, ೧, ಕೂಡಿದರೆ ೨. ಒಟ್ಟಿನ ಅಂಕಿಗಳ ಮೊತ್ತ ೧೪, ಶೇಷ ೨. ಲೆಕ್ಕ ಸರಿ.

ಈಗ ಮೂರನೆಯ ಗದ್ದೆಯ ಎರಡು ವೀಸಗಳಲ್ಲಿ ಒಂದು ಗೆರೆ ಸವೆದು ಹೋಗಿ ಒಂದೇ ವೀಸವೆಂದು ಕಂಡಿತೆಂದಿಟ್ಟುಕೊಂಡರೆ ಆ ಸಾಲಿನ ಶೇಷ ೦ ಆಗಿ, ಒಟ್ಟಿಗೂ ಬಿಡಿಗಳಿಗೂ ಹೊಂದದೆ ಹೋಗುವುದು. ನಾಲ್ಕರ ಸ್ಥಾನಗಳಲ್ಲಿ ಅಂಕಿ ಮೂರನ್ನು ಮೀರದಿರುವುದರಿಂದ, ಒಂದು ಗೆರೆ ಅಥವಾ ಎರಡು ಗೆರೆಗಳ ಲೋಪವನ್ನು ಈ ಪರೀಕ್ಷೆ ತಪ್ಪದೆ ಹಿಡಿಯುತ್ತದೆ. ಮೂರು ಗೆರೆಗಳೂ ಒಟ್ಟಿಗೆ ಅಳಿಸಿಹೋಗಿ ಸ್ಥಾನವೇ ಬರಿದಾದರೆ ಮಾತ್ರ ಅದಕ್ಕೆ ಗೊತ್ತಾಗದು. ಹಾಗವೆಂದಿರುವುದನ್ನು ವೀಸವೆಂದು ಓದಿದರೂ ಗೊತ್ತಾಗದು, ಏಕೆಂದರೆ ಮೂರರ ಕಣ್ಣಿಗೆ ಎಲ್ಲ ಸ್ಥಾನಗಳೂ ಸಮಾನ.

ಆ ಎರಡು ಕೊರತೆಗಳನ್ನು ತುಂಬುವುದು ಐದರ ಪರೀಕ್ಷೆ. ದಶಕ್ರಮದಲ್ಲಿ ಹನ್ನೊಂದಕ್ಕೆ ಅಂಕಿಗಳನ್ನು ಒಂದನ್ನು ಬಿಟ್ಟೊಂದು ಕೂಡಿಸಿ ಕಳೆಯುವಂತೆ, ನಾಲ್ಕಕ್ಕೆ ಒಂದು ಹೆಚ್ಚಾದ ಐದಕ್ಕೆ ಇಲ್ಲಿಯೂ ಮಾಡತಕ್ಕದ್ದು: ಹಾಗವನ್ನೂ ಕಾಣಿಯನ್ನೂ ಕೂಡಿಸಿ, ಅದರಿಂದ ಹಣವನ್ನೂ ವೀಸವನ್ನೂ ಕಳೆದು, ಐದರಿಂದ ಶೇಷವನ್ನು ನೋಡುವುದು. ಗದ್ಯಾಣಕ್ಕೆ ೬೪೦ ಕಾಣಿಗಳಾಗಿ ಅದು ಐದರಿಂದ ನಿಶ್ಶೇಷವಾಗುವುದರಿಂದ ಗದ್ಯಾಣದ ಅಂಕಿಯನ್ನು ಲೆಕ್ಕಕ್ಕೇ ಹಿಡಿಯಬೇಕಾದುದಿಲ್ಲ. ಮೇಲಿನ ಮೂರು ಸಾಲುಗಳಿಗೆ ಕ್ರಮವಾಗಿ ಋಣ ೩, ಋಣ ೨, ಋಣ ೯ ಬರುತ್ತವೆ. ಐದೈದನ್ನು ಕೂಡಿಸಿ ಧನ ಮಾಡಿಕೊಂಡರೆ ೨, ೩, ೧. ಮೊತ್ತ ೬, ಶೇಷ ೧. ಒಟ್ಟಿನ ಸಾಲಿನಲ್ಲಿ ೩ ಮತ್ತು ೨ ಕೂಡಿ ೫, ಅದರಿಂದ ೧ ಮತ್ತು ೩ನ್ನು ಕಳೆದರೆ ೧. ಮತ್ತೆ ಸರಿಹೋಯಿತು. ತೆಲುಗಿನ ಗೆರೆಗಳ ಪದ್ಧತಿಯನ್ನು ಇಲ್ಲಿ ಜ್ಞಾಪಿಸಿಕೊಂಡರೆ ಒಂದು ಸ್ವಾರಸ್ಯ ಕಾಣುವುದು. ಅಂಶದ ಭಾಗದಲ್ಲಿ ಮೂರರ ಪರೀಕ್ಷೆಗೆ ಎಲ್ಲ ಗೆರೆಗಳನ್ನೂ ಎಣಿಸಿದರೆ ಸಾಕು. ಐದರ ಪರೀಕ್ಷೆಗೆ ನಿಂತ ಗೆರೆಗಳಿಂದ ಮಲಗಿದ ಗೆರೆಗಳನ್ನು ಕಳೆದರೆ ಸಾಕು. ಬರಹದ ಆಕಾರವೇ ಪರೀಕ್ಷೆಯ ಆಕಾರವಾಗಿದೆ.

ಐದರ ಪರೀಕ್ಷೆಗೆ ಮೂರು ಗೆರೆಗಳ ಲೋಪವೂ ಸಿಕ್ಕುತ್ತದೆ, ಹಾಗಕ್ಕೆ ವೀಸ ಓದಿದ ತಪ್ಪೂ ಸಿಕ್ಕುತ್ತದೆ. ಹಾಗಕ್ಕೆ ಕಾಣಿ ಓದಿದ ತಪ್ಪು ಮಾತ್ರ ಎರಡಕ್ಕೂ ಸಿಕ್ಕದು. ಹಾಗಕ್ಕೆ ಹದಿನಾರು ಕಾಣಿ. ಒಂದನ್ನು ಇನ್ನೊಂದೆಂದು ಬಗೆದರೆ ವ್ಯತ್ಯಾಸ ಹದಿನೈದು. ಹದಿನೈದು ಮೂರಕ್ಕೂ ಐದಕ್ಕೂ ಅಧೀನ. ಬಾರಕೂರಿನ ಶಾನಭೋಗರು ಈ ಪರೀಕ್ಷೆಗಳನ್ನು ಮಾಡುತ್ತಿದ್ದರೆಂದು ಇಲ್ಲಿ ಸಾಧಿಸಹೊರಟಿಲ್ಲ. ಒಂದು ಶಾಸನದಲ್ಲಿ ಬಿಡಿ ಮೊಬಲಗುಗಳೂ ಒಟ್ಟೂ ಎರಡೂ ಕೊಟ್ಟಿರುವಾಗ, ಪಾಠವನ್ನು ಸಂಪಾದಿಸುವವರು ಅಚ್ಚಿಗೆ ಕಳುಹಿಸುವುದಕ್ಕೆ ಮುಂಚೆ ಅರೆಗಳಿಗೆ ಸಾಕಾಗುವಷ್ಟು ಹೊತ್ತಿನಲ್ಲಿ ಇದನ್ನು ಮಾಡಿ ನೋಡಬಹುದು ಎಂಬಷ್ಟೇ ತಾತ್ಪರ್ಯ.

ಮೂರು ಈ ಕ್ರಮದಲ್ಲಿ ಕಾವಲುಗಾರನಾದಂತೆಯೇ ಕಂಟಕವೂ ಆಗಿದೆ. ಹಣವನ್ನು ಮೂವರಿಗೆ ಸಮನಾಗಿ ಹಂಚಬೇಕಾದರೆ ಒಬ್ಬೊಬ್ಬನಿಗೆ ಒಂದು ಹಾಗ. ಉಳಿದ ಹಾಗವನ್ನು ನಾಲ್ಕು ವೀಸ ಮಾಡಿ ಹಂಚಿದರೆ ಒಂದೊಂದು ವೀಸ. ಉಳಿದ ವೀಸವನ್ನು ನಾಲ್ಕು ಕಾಣಿ ಮಾಡಿ ಹಂಚಿದರೆ ಒಂದೊಂದು ಕಾಣಿ. ಮತ್ತೂ ಒಂದು ಕಾಣಿ ಉಳಿಯುವುದು. ಎಷ್ಟು ಕೆಳಕ್ಕಿಳಿದರೂ ಒಂದು, ಒಂದು, ಒಂದು ಎಂದು ಸಾಗುವುದೇ ಹೊರತು ಮುಗಿಯದು. ತಾರ್ಕಿಕರ ಅನವಸ್ಥೆಯಂತಹ ಸ್ಥಿತಿ. ದಶಕ್ರಮದಲ್ಲಿ ಒಂಬತ್ತರ ಪಾಲಿಗೆ ಹೀಗೆಯೇ ಆಗುವುದನ್ನು ಎಲ್ಲರೂ ಬಲ್ಲರು. ಕಾರಣ ಎರಡೆಡೆಯಲ್ಲಿಯೂ ಒಂದೇ: ನಾಲ್ಕನ್ನು ಮೂರರಿಂದ ಭಾಗಿಸಿದಾಗ ಶೇಷ ಒಂದಾಗುವುದೇ ಅಂಕಿಗಳ ಮೊತ್ತದ ಪರೀಕ್ಷೆಗೆ ಆಧಾರ, ಆ ಒಂದೇ ಇಲ್ಲಿ ಮತ್ತೆ ಮತ್ತೆ ಉಳಿದು ಕಾಡುವುದು. ಗದ್ಯಾಣದ ಯಾವ ಪಾಲುಗಳು ಈ ಕ್ರಮದಲ್ಲಿ ನಿಶ್ಶೇಷವಾಗಿ ಮುಗಿಯುವುವೆಂಬುದಕ್ಕೆ ನಿಯಮವನ್ನೂ ಹೇಳಬಹುದು. ಹಾರವನ್ನು ಅವಿಭಾಜ್ಯಗಳಾಗಿ ಒಡೆದರೆ ಅದರಲ್ಲಿ ಎರಡುಗಳು ಎಷ್ಟಾದರೂ ಇರಬಹುದು. ಐದು ಒಂದೇ ಒಂದು ಸಲ ಇರಬಹುದು, ಏಕೆಂದರೆ ಹಣಕ್ಕಿಂತ ಕೆಳಗೆ ಐದೆಂಬುದೇ ಇಲ್ಲ. ಮೂರು, ಏಳು ಮೊದಲಾದವು ಇರಕೂಡದು. ಇಪ್ಪತ್ತನೆಯ ಪಾಲು ಎರಡು ಹಾಗಕ್ಕೆ ಮುಗಿಯುತ್ತದೆ, ಅರುವತ್ತನಾಲ್ಕನೆಯ ಪಾಲು ಎರಡು ವೀಸ ಎರಡು ಕಾಣಿಗೆ ಮುಗಿಯುತ್ತದೆ; ಇಪ್ಪತ್ತೈದನೆಯ ಪಾಲು ಮುಗಿಯುವುದಿಲ್ಲ.

ಇದು ಬರಿಯ ಗಣಿತದ ಕುತೂಹಲವಲ್ಲವೆಂಬುದು ಕಂದಾಯದ ವಿಷಯಕ್ಕೆ ಬಂದಾಗ ತಿಳಿಯುತ್ತದೆ. ವಿಜಯನಗರದ ಮೊದಲನೆಯ ಹರಿಹರನ ಕಾಲದಲ್ಲಿ ಕನ್ನಡ ಜಿಲ್ಲೆಯ ತೆರಿಗೆಯನ್ನು ಗೊತ್ತುಮಾಡಿದ ರೀತಿಯೆಂದು ಒಂದು ಸಂಪ್ರದಾಯವನ್ನು ಕರ್ನಲ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಬರೆದಿಟ್ಟಿರುವನು. ಬೆಳೆಯನ್ನು ಮೂವತ್ತು ಪಾಲು ಮಾಡಿ, ಬೇಸಾಯಗಾರನಿಗೆ ೧೫, ಒಡೆಯನಿಗೆ ೭½, ಅರಮನೆಗೆ ೫, ಬ್ರಾಹ್ಮಣರಿಗೆ ೧½, ದೇವಸ್ಥಾನಕ್ಕೆ ೧. ಎಂದರೆ ಅರ್ಧ, ಚತುರ್ಥಾಂಶ, ಷಷ್ಠಾಂಶ, ಇಪ್ಪತ್ತನೆಯ ಅಂಶ, ಮೂವತ್ತನೆಯ ಅಂಶ. ನಾಲ್ಕುನೂರು ವರ್ಷಗಳಿಗೂ ಮಿಕ್ಕ ಬಳಿಕ ಬರೆದಿಟ್ಟ ಮಾತಾದುದರಿಂದ ಇದನ್ನು ಶಾಸನದಷ್ಟು ದೃಢವೆಂದು ಹಿಡಿಯಲಾ‌ಗದು. ಆದರೆ ಷಷ್ಠಾಂಶವು ಸ್ಮೃತಿಗಳಿಗೆ ಸಮ್ಮತವಾದ ರಾಜಭಾಗವೇ. ಈ ಪಾಲುಗಳನ್ನು ಧಾನ್ಯದಿಂದ ನಾಣ್ಯಕ್ಕೆ ತಿರುಗಿಸಿದಾಗ ಏನಾಗುವುದೆಂಬುದನ್ನು ನೋಡುವುದಕ್ಕೆ ಅಷ್ಟು ಸಾಕು.

ಒಂದು ಗದ್ಯಾಣದ ಬೆಳೆಯಲ್ಲಿ ಬೇಸಾಯಗಾರನಿಗೆ ಐದು ಹಣ. ಒಡೆಯನಿಗೆ ಎರಡು ಹಣ ಎರಡು ಹಾಗ. ಬ್ರಾಹ್ಮಣರಿಗೆ ಎರಡು ಹಾಗ. ಇವು ಮೂರೂ ನಿಶ್ಶೇಷ. ಅರಮನೆಯ ಪಾಲಿಗೆ ಹತ್ತು ಹಣವನ್ನು ಆರರಿಂದ ಭಾಗಿಸಿದರೆ ಒಂದು ಹಣ, ಉಳಿಕೆ ನಾಲ್ಕು. ನಾಲ್ಕು ಹಣ ಹದಿನಾರು ಹಾಗ, ಆರರಿಂದ ಎರಡು, ಉಳಿಕೆ ನಾಲ್ಕು. ನಾಲ್ಕು ಹಾಗ ಹದಿನಾರು ವೀಸ, ಆರರಿಂದ ಎರಡು, ಉಳಿಕೆ ನಾಲ್ಕು. ಉಳಿಕೆ ಬದಲಾಗುವಂತಿಲ್ಲ. ಹೀಗೆ ಕಾಣಿಯವರೆಗೆ ಒಂದು ಹಣ, ಎರಡು ಹಾಗ, ಎರಡು ವೀಸ, ಎರಡು ಕಾಣಿ, ಆಮೇಲೂ ಎರಡುಗಳೇ. ದೇವರ ಪಾಲಿಗೆ ನಲುವತ್ತು ಹಾಗವನ್ನು ಮೂವತ್ತರಿಂದ ಭಾಗಿಸಿದರೆ ಒಂದು, ಉಳಿಕೆ ಹತ್ತು. ಅದೇ ಹತ್ತು ಮುಂದೆಯೂ. ಕಾಣಿಯವರೆಗೆ ಒಂದು ಹಾಗ, ಒಂದು ವೀಸ, ಒಂದು ಕಾಣಿ, ಆಮೇಲೂ ಒಂದುಗಳೇ. ಅರಮನೆಯದನ್ನೂ ದೇವರದನ್ನೂ ಕೂಡಿಸಿದರೆ ಮೂವತ್ತರಲ್ಲಿ ಆರು ಪಾಲು, ಎಂದರೆ ಐದನೆಯ ಒಂದು ಪಾಲು, ಸರಿಯಾಗಿ ಎರಡು ಹಣ. ಆದರೆ ಕಾಣಿಗೆ ನಿಲ್ಲಿಸಿದ ಲೆಕ್ಕಗಳನ್ನು ಕೂಡಿಸಿದರೆ ಒಂದು ಹಣ, ಮೂರು ಹಾಗ, ಮೂರು ವೀಸ, ಮೂರು ಕಾಣಿ. ಎರಡು ಹಣಕ್ಕೆ ಒಂದು ಕಾಣಿ ಕಡಮೆ. ಮೂರು, ಮೂರು, ಮೂರು ಎಂದು ಕೊನೆಯಿಲ್ಲದೆ ಬರೆದರೆ ಅದು ಪೂರ್ಣವಾದ ಒಂದೇ. ಎಲ್ಲಿಯಾದರೂ ನಿಲ್ಲಿಸಿದರೆ ಕಡೆಯ ಸ್ಥಾನದಲ್ಲಿ ಒಂದರ ಕೊರತೆ.

ಆ ಒಂದು ಕಾಣಿ ಯಾರ ಕೈಗೆ ಸೇರಬೇಕು? ನ್ಯಾಯವಾಗಿ ಅದರ ಮೂರರಲ್ಲಿ ಎರಡು ಪಾಲು ಅರಮನೆಯದು, ಒಂದು ಪಾಲು ದೇವರದು. ಹಾಗೆ ಹಂಚುವುದಕ್ಕೆ ನಾಣ್ಯವಿಲ್ಲ. ಗದ್ಯಾಣಗಟ್ಟಲೆ ಒಟ್ಟುಗೂಡಿಸಿ ಕಡೆಯಲ್ಲಿ ಒಮ್ಮೆ ಭಾಗಿಸಿದರೆ ಕೊರತೆ ಕಾಣಿಗೆ ಮೀರದು. ಗದ್ಯಾಣ ಗದ್ಯಾಣಕ್ಕೆ ಬೇರೆ ಬೇರೆಯಾಗಿ ಭಾಗಿಸಿ ಬರೆದರೆ ೬೪೦ ಗದ್ಯಾಣಕ್ಕೆ ಒಂದು ಗದ್ಯಾಣ ಯಾರ ಲೆಕ್ಕದಲ್ಲಿಯೂ ಇಲ್ಲದೆ ಉಳಿಯುವುದು. ಭಾಗಾಕಾರವನ್ನು ಮೊದಲು ಮಾಡಬೇಕೋ ಸಂಕಲನವನ್ನು ಮೊದಲು ಮಾಡಬೇಕೋ ಎಂಬುದು ಪಾಠಶಾಲೆಯ ಹುಡುಗನಿಗೆ ಉದಾಸೀನವಾದೀತು, ದೇವಸ್ಥಾನದ ಮೊಕ್ತೇಸರನಿಗೆ ಆಗಲಾರದು. ಧಾನ್ಯದಲ್ಲಿಯೇ ಪಾಲನ್ನು ಅಳೆಯುವಾಗ ಷಷ್ಠಾಂಶಕ್ಕಾದರೂ ಈ ತೊಡಕಿಲ್ಲ: ಮುಡಿಗೆ ಮೂರು ಕಳಸೆ, ಕಳಸೆಗೆ ಹದಿನಾಲ್ಕು ಸೇರು ಎಂಬ ಕರಾವಳಿಯ ಮಾನದಲ್ಲಿ ಮುಡಿಗೆ ೪೨ ಸೇರುಗಳಾಗಿ, ಆರನೆಯ ಪಾಲು ಅರೆ ಕಳಸೆ, ಏಳು ಸೇರು.

ಮೂರನ್ನು ಒಳಗೊಳ್ಳುವ ನಾಣ್ಯಕ್ರಮವೂ ವಿಜಯನಗರದಲ್ಲಿ ಇದ್ದಿತು. ೧೪೪೩ರಲ್ಲಿ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ ಪಾರಸೀಕ ದೂತ ಅಬ್ದುರ್ ರಜಾಕನು ಅಲ್ಲಿಯ ನಾಣ್ಯಗಳನ್ನು ಹೀಗೆ ವಿವರಿಸಿರುವನು: ವರಾಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಪಾಲು ಹಣ, ಹಣದ ಆರನೆಯ ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಪಾಲು ತಾಮ್ರದ ಜೀತಲ. ಎರಡು, ಹತ್ತು, ಆರು, ಮೂರು ಗುಣಿಸಿದರೆ ವರಾಹಕ್ಕೆ ೩೬೦ ಜೀತಲ. ಜ್ಯೋತಿಷಿಗಳ ಚಕ್ರದಲ್ಲಿ ಇರುವ ಅಂಶಗಳೂ ಅಷ್ಟೇ. ಎರಡಕ್ಕೂ ಸಂಬಂಧವನ್ನು ಕಟ್ಟಬೇಕಾದುದಿಲ್ಲ, ಬಹಳ ಹಾರಗಳಿಂದ ನಿಶ್ಶೇಷವಾಗುವ ಸಂಖ್ಯೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಈ ಕ್ರಮದಲ್ಲಿ ವರಾಹದ ಇಪ್ಪತ್ತನೆಯ ಪಾಲು ಒಂದು ಹಣ, ಮೂವತ್ತನೆಯ ಪಾಲು ನಾಲ್ಕು ತಾರ, ಷಷ್ಠಾಂಶ ಮೂರು ಹಣ ಎರಡು ತಾರ. ಯಾವುದರಲ್ಲಿಯೂ ಚೂರು ಉಳಿಯದು. ಅದಕ್ಕೆ ಪ್ರತಿಯಾಗಿ ಹಣದ ಕಾಲನ್ನು ಹೇಳಬೇಕಾದರೆ ಒಂದೂವರೆ ತಾರವೆನ್ನಬೇಕು, ವೀಸವನ್ನಂತೂ ಜೀತಲದಲ್ಲಿ ಹೇಳಲಾಗುವುದೇ ಇಲ್ಲ. ಅರೆ, ಕಾಲು, ಅರೆಗಾಲು ಎಂದು ಬಾಯಲ್ಲಿ ಮಗ್ಗಿಯಾಗಿ ನಿಂತಿದ್ದ ಜನರಿಗೆ ನಾಲ್ಕರ ಕ್ರಮವೇ ಹಗುರ. ರಾಜಭಾಗದ ಲೆಕ್ಕಕ್ಕೆ ಮೂರು ಬೇಕು, ಸಂತೆಯ ಲೆಕ್ಕಕ್ಕೆ ನಾಲ್ಕು ಬೇಕು. ಬಾರಕೂರಿನಂತಹ ರೇವಿನ ಊರಿನಲ್ಲಿ ಎರಡೂ ಬೇಕಾಗಿದ್ದುವು.

ಕಡೆಯದಾಗಿ ಕಾಣಿ ಶಬ್ದದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದು ೬೪ರಲ್ಲೊಂದು. ತಮಿಳು ಮಲೆಯಾಳಗಳಲ್ಲಿ ಅದೇ ಶಬ್ದ ೮೦ರಲ್ಲೊಂದು. ತಮಿಳಿನ ಕ್ರಮದಲ್ಲಿ ಇಪ್ಪತ್ತರಲ್ಲೊಂದು ಮಾ, ಅದರ ಕಾಲು ಕಾಣಿ, ಅದರ ಕಾಲು ೩೨೦ರಲ್ಲೊಂದಾದ ಮುಂದಿರಿ. ವೀಸವಾದರೋ ಅಲ್ಲಿಯೂ ಹದಿನಾರರಲ್ಲೊಂದೇ. ಬಾರಕೂರಿನಿಂದ ತೆಂಕಣಕ್ಕೆ ಹೋದಂತೆಲ್ಲ, ಕಾಸರಗೋಡಿನ ಆಚೆ ಈಚೆಯ ಲೇಖಗಳಲ್ಲಿ ಮತ್ತು ಕಡತಗಳಲ್ಲಿ ಎರಡು ಕಾಣಿಗಳಲ್ಲಿ ಯಾವುದು ಉದ್ದಿಷ್ಟವೆಂಬ ಸಂಶಯ ಬರಬಹುದಾದುದೇ. ಮೊಬಲಗಿನಲ್ಲಿ ಮಾ ಎಂಬ ಅಂಶ ಬಂದಿದ್ದರೆ ಸಂಶಯವಿಲ್ಲ, ಅದು ಎಂಬತ್ತರ ಕಾಣಿ. ಬರಿಯ ವೀಸ ಕಾಣಿಗಳೇ ಇದ್ದರೆ ಒಂದೊಂದು ಮೊಬಲಗನ್ನೇ ನೋಡಿ ನಿರ್ಣಯಿಸುವುದಕ್ಕಾಗದು. ಒಟ್ಟಿನ ಸಾಲನ್ನು ನೋಡಬೇಕು. ಅರುವತ್ತನಾಲ್ಕರ ಕಾಣಿ ನಾಲ್ಕು ಕೂಡಿದರೆ ವೀಸ, ಎಂಬತ್ತರ ಕಾಣಿ ಐದು ಕೂಡಿದರೆ ವೀಸ. ಮೂರು ಕಾಣಿಗೆ ಎರಡು ಕಾಣಿ ಕೂಡಿಸಿದ ಲೆಕ್ಕದಲ್ಲಿ ಒಂದು ವೀಸ ಒಂದು ಕಾಣಿ ಎಂದು ಬರೆದಿದ್ದರೆ ಬರೆದವನು ಕನ್ನಡದ ಮಾನವನ್ನು ಹಿಡಿದವನು. ಒಂದು ವೀಸವೆಂದು ಬರೆದು ಸುಮ್ಮನಾಗಿದ್ದರೆ ತೆಂಕಣದ ಮಾನವನ್ನು ಹಿಡಿದವನು.